ತಲೆ ಯಾವ ಕಡೆ ಬೆಳೆಯಬೇಕು? – ಪುನರುತ್ಪಾದನೆಯ ಪಾಠಕ್ಕೊಂದು ಪೂರಕ ಟಿಪ್ಪಣಿ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಘಟಕ ಬಂದಾಗ ಪ್ಲನೇರಿಯಾದ ಚಿತ್ರವೂ ಬರುತ್ತದೆ. ಒಂದು ಚಪ್ಪಟೆ ಹುಳು, ಅದರ ಮೂರು ತುಂಡು, ಕೊನೆಗೆ ಮೂರು ಹುಳು. ಬೋಧನಾಭ್ಯಾಸದಲ್ಲಿ ಈ ಕಲಿಕಾಂಶಕ್ಕೆ ನಾವು ಹತ್ತು ನಿಮಿಷ ಇಟ್ಟರೆ ಹೆಚ್ಚು. ಆದರೆ ಚಿತ್ರವನ್ನು ಸರಿಯಾಗಿ ನೋಡಿದ ಮಗು ಕೇಳುವ ಪ್ರಶ್ನೆ ದೊಡ್ಡದು: “ನಡುವಿನ ತುಂಡಿಗೆ ತಲೆ ಯಾವ ಕಡೆ ಅಂತ ಹೇಗೆ ಗೊತ್ತಾಗ್ತದೆ ಟೀಚರ್?” “ಅದು ಪ್ರಕೃತಿಯ ವಿಶೇಷ” ಎಂದುಬಿಟ್ಟರೆ ವಿಜ್ಞಾನದ ಪಾಠ ಅಲ್ಲಿಗೇ ಮುಗಿಯಿತು. ಆ ಪ್ರಶ್ನೆಗೆ ಇಂದು ಉತ್ತರವಿದೆ. ಅದನ್ನು ತರಗತಿಗೆ ಒಯ್ಯುವ ದಾರಿಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪೂರ್ವಜ್ಞಾನ: ತೋಟದಿಂದ ಆರಂಭ

ಕಲ್ಲುಗುಂಡಿ, ಸಂಪಾಜೆ ಕಡೆಯ ಮಕ್ಕಳಿಗೆ ಅಡಿಕೆ ತೋಟ ಹೊಸದಲ್ಲ. ಅಡಿಕೆ ಮರದ ಸುಳಿ ಕೊಳೆತರೆ ಇಡೀ ಮರವೇ ಸಾಯುತ್ತದೆ. ಅದೇ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯಿಂದ ಗೆಣ್ಣಿರುವ ತುಂಡು ಕತ್ತರಿಸಿ ನೆಟ್ಟರೆ ಹೊಸ ಬಳ್ಳಿ ಬರುತ್ತದೆ. ಏಕೆ ಈ ವ್ಯತ್ಯಾಸ? ಹೊಸದಾಗಿ ಬೆಳೆಯಬಲ್ಲ ಭಾಗ ಅಡಿಕೆಯಲ್ಲಿ ತುದಿಯಲ್ಲಿ ಮಾತ್ರ ಇದೆ, ಬಳ್ಳಿಯಲ್ಲಿ ಗೆಣ್ಣುಗೆಣ್ಣಿಗೂ ಇದೆ. ಈ ಹೋಲಿಕೆಯಿಂದ ಮೊದಲ ಅಂಶ ಸಿಗುತ್ತದೆ: ಪುನರುತ್ಪಾದನೆ ಎಲ್ಲ ಜೀವಿಗಳಿಗೂ ಒಂದೇ ಸಮ ಇಲ್ಲ, ಬೆಳೆಯಬಲ್ಲ ಕೋಶಗಳು ಎಲ್ಲಿವೆ ಎಂಬುದರ ಮೇಲೆ ಅದು ನಿಂತಿದೆ.

ಕೋಶ ಮತ್ತು ಸಂಕೇತ

ಪ್ಲನೇರಿಯಾದ ದೇಹದಲ್ಲಿ ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು ಹರಡಿಕೊಂಡಿವೆ. 1898ರಲ್ಲಿ ಥಾಮಸ್ ಹಂಟ್ ಮಾರ್ಗನ್ ಹುಳುವಿನ 279ರಲ್ಲಿ ಒಂದು ಭಾಗದಷ್ಟು ಸಣ್ಣ ತುಂಡೂ ಪೂರ್ಣ ಹುಳುವಾಗಬಲ್ಲದು ಎಂದು ತೋರಿಸಿದರು. 2011ರಲ್ಲಿ ಅಮೆರಿಕದ ಪೀಟರ್ ರೆಡ್ಡಿಯನ್ ಅವರ ತಂಡ ವಿಕಿರಣದಿಂದ ಎಲ್ಲ ನಿಯೋಬ್ಲಾಸ್ಟ್‌ಗಳನ್ನೂ ನಾಶ ಮಾಡಿದ ಹುಳುಗಳಿಗೆ ಒಂದೊಂದೇ ನಿಯೋಬ್ಲಾಸ್ಟ್ ಸೇರಿಸಿ ನೋಡಿತು. ಕೆಲವು ಹುಳುಗಳು ಅದರಿಂದಲೇ ಚೇತರಿಸಿಕೊಂಡವು.

ಕೋಶ ಇದ್ದರೆ ಸಾಲದು, ಏನಾಗಬೇಕೆಂಬ ಸೂಚನೆಯೂ ಬೇಕು. ಇದೇ ಜೀವಕೋಶಗಳ ನಡುವಿನ ಸಂಕೇತ ವ್ಯವಸ್ಥೆ. ಒಂದು ಕೋಶ ಹೊರಬಿಡುವ ಪ್ರೋಟೀನನ್ನು ಇನ್ನೊಂದು ಕೋಶದ ಗ್ರಾಹಕ ಹಿಡಿಯುತ್ತದೆ. ಒಳಗೆ ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ಕೆಲವು ನಿಲ್ಲುತ್ತವೆ. ಪ್ಲನೇರಿಯಾದಲ್ಲಿ ‘ವಿಂಟ್’ ಎಂಬ ಸಂಕೇತ ಬಾಲದ ಕಡೆ ಹೆಚ್ಚು, ತಲೆಯ ಕಡೆ ಕಡಿಮೆ. ಈ ಸಂಕೇತವನ್ನು ಕೋಶದೊಳಗೆ ಮುಂದಕ್ಕೆ ಒಯ್ಯುವ ಬೀಟಾ ಕೆಟೆನಿನ್ ತಯಾರಾಗದಂತೆ ತಡೆದಾಗ ಬಾಲ ಬರಬೇಕಾದ ಕಡೆಯೂ ತಲೆಯೇ ಬಂತು. 2008ರಲ್ಲಿ ಪ್ರಕಟವಾದ ಈ ಪ್ರಯೋಗಗಳೇ ಮಗುವಿನ ಪ್ರಶ್ನೆಗೆ ಉತ್ತರ. ತುಂಡಿನ ಎರಡು ತುದಿಗಳಲ್ಲಿ ಸಂಕೇತದ ಪ್ರಮಾಣ ಬೇರೆ ಬೇರೆ ಆಗುವುದರಿಂದ ದಿಕ್ಕು ತಿಳಿಯುತ್ತದೆ.

ಈ ಸಂಶೋಧನೆ ನಮ್ಮ ರಾಜ್ಯದಲ್ಲೂ ನಡೆಯುತ್ತಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ‘ಇನ್‌ಸ್ಟೆಮ್’ ಸಂಸ್ಥೆಯಲ್ಲಿ ದಾಸರಧಿ ಪಾಲಕೋಡೆಟಿ ಅವರ ಪ್ರಯೋಗಾಲಯ ಪ್ಲನೇರಿಯಾವನ್ನೇ ಇಟ್ಟುಕೊಂಡು, ಆಕರಕೋಶಗಳ ನಿರ್ಧಾರಗಳು ಆರ್‌ಎನ್‌ಎ ಮಟ್ಟದಲ್ಲಿ ಹೇಗೆ ನಿಯಂತ್ರಣಗೊಳ್ಳುತ್ತವೆ ಎಂದು ಅಧ್ಯಯನ ಮಾಡುತ್ತಿದೆ.

ಯಾವ ಕೋಶ, ಯಾವ ಜಾಗ?

ಒಂದು ಕೋಶದಲ್ಲಿ ಯಾವ ಜೀನ್‌ಗಳು ಚಾಲೂ ಇವೆ ಎಂಬುದು ಅದರಲ್ಲಿರುವ ಎಂಆರ್‌ಎನ್‌ಎಯಿಂದ ತಿಳಿಯುತ್ತದೆ. ಇದನ್ನು ಅಳೆಯುವ ಮೂರು ಕ್ರಮಗಳನ್ನು ವಿವರಿಸಲು ಹಾಲಿನ ಸೊಸೈಟಿ ಒಳ್ಳೆಯ ಉದಾಹರಣೆ. ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು ಕೊಬ್ಬಿನಂಶ ನೋಡಿದರೆ ಊರಿನ ಸರಾಸರಿ ಸಿಗುತ್ತದೆ. ಅಂಗಾಂಶವನ್ನು ಅರೆದು ಮಾಡುವ ಹಳೆಯ ಪರೀಕ್ಷೆ ಹೀಗೆ. ಪ್ರತಿ ಮನೆಯ ಹಾಲನ್ನೂ ಬೇರೆಯಾಗಿ ಪರೀಕ್ಷಿಸಿ ಯಾರ ಮನೆಯದೆಂದು ಬರೆಯದಿದ್ದರೆ ಅದು ಏಕಕೋಶ ಪರೀಕ್ಷೆ. ಮನೆಯ ವಿಳಾಸವನ್ನೂ ಬರೆದುಕೊಂಡರೆ ಅದು ಸ್ಪೇಷಿಯಲ್ ಟ್ರಾನ್‌ಸ್ಕ್ರಿಪ್ಟೋಮಿಕ್ಸ್.

2016ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಪ್ರಕಟಿಸಿದ ಕ್ರಮ ಹೀಗಿತ್ತು. ಗಾಜಿನ ಪಟ್ಟಿಯ ಮೇಲೆ 100 ಮೈಕ್ರೋಮೀಟರ್ ಅಗಲದ ಚುಕ್ಕೆಗಳು. ಪ್ರತಿ ಚುಕ್ಕೆಯಲ್ಲೂ ಅದರದ್ದೇ ವಿಳಾಸವಿರುವ ಡಿಎನ್‌ಎ ಎಳೆಗಳು. ಅಂಗಾಂಶದ ತೆಳುವಾದ ಪದರವನ್ನು ಮೇಲಿಟ್ಟಾಗ ಎಂಆರ್‌ಎನ್‌ಎ ಕೆಳಗಿನ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಡಿಎನ್‌ಎಗೆ ನಕಲು ಮಾಡಿ ಓದಿದಾಗ ಜೀನ್ ಜತೆಗೆ ವಿಳಾಸವೂ ಸಿಗುತ್ತದೆ. ಒಂದು ಚುಕ್ಕೆಯ ಮೇಲೆ ಹಲವು ಕೋಶಗಳು ಕೂರುವುದು ಆ ಕ್ರಮದ ಮಿತಿ; ನಂತರ ಬಂದ ವಿಧಾನಗಳಲ್ಲಿ ಚುಕ್ಕೆಗಳು ಚಿಕ್ಕದಾಗಿವೆ. 2022ರಲ್ಲಿ ಆಕ್ಸಲಾಟಲ್ ಎಂಬ ಉಭಯಚರದ ಗಾಯಗೊಂಡ ಮೆದುಳನ್ನು ಬೇರೆ ಬೇರೆ ದಿನಗಳಲ್ಲಿ ಹೀಗೆ ಪರೀಕ್ಷಿಸಿ, ಹೊಸ ನರಕೋಶಗಳಿಗೆ ಮೂಲವಾಗುವ ಕೋಶಗಳು ಗಾಯದ ಜಾಗದಲ್ಲೇ ಕಾಣಿಸಿಕೊಳ್ಳುವುದನ್ನು ಗುರುತಿಸಲಾಯಿತು.

ಚೀಟಿ ಚಟುವಟಿಕೆ (10 ನಿಮಿಷ)

24 ವಿದ್ಯಾರ್ಥಿಗಳಿಗೆ ಚೀಟಿ ಹಂಚಿ. ಬಾಗಿಲ ಬಳಿಯ 6 ಮಂದಿಗೆ ‘ವಿಭಜಿಸು’, ಉಳಿದ 18 ಮಂದಿಗೆ ‘ಸುಮ್ಮನಿರು’. ಮೊದಲು ಎಲ್ಲವನ್ನೂ ಡಬ್ಬಿಗೆ ಹಾಕಿಸಿ ಎಣಿಸಿ. ಆರು ಕೋಶ ವಿಭಜಿಸುತ್ತಿವೆ ಎಂದಷ್ಟೇ ತಿಳಿಯುತ್ತದೆ. ಚೀಟಿಗಳನ್ನು ಅವರವರಿಗೇ ಮರಳಿಸಿ, ಈಗ ಬೆಂಚಿನ ಸಂಖ್ಯೆ ಬರೆಸಿ ಮತ್ತೆ ಸಂಗ್ರಹಿಸಿ, ಕಪ್ಪು ಹಲಗೆಯಲ್ಲಿ ತರಗತಿಯ ನಕ್ಷೆ ತುಂಬಿಸಿ. ಆರೂ ಬಾಗಿಲ ಬಳಿ ಗುಂಪಾಗಿ ಕಾಣುತ್ತವೆ. “ಹಾಗಾದರೆ ಗಾಯ ಎಲ್ಲಿ?” ಎಂದು ಕೇಳಿ. ಉತ್ತರ ಮಕ್ಕಳಿಂದಲೇ ಬರಲಿ.

ಬೋಧಿಸುವಾಗ ಗಮನಿಸಬೇಕಾದ್ದು

ಒಂದು, ಪುನರುತ್ಪಾದನೆ ಮತ್ತು ಸಂತಾನೋತ್ಪತ್ತಿ ಒಂದೇ ಅಲ್ಲ. ಹಲ್ಲಿಗೆ ಬಾಲ ಮತ್ತೆ ಬಂದರೆ ಹಲ್ಲಿಯ ಸಂಖ್ಯೆ ಹೆಚ್ಚುವುದಿಲ್ಲ. ಆ ಬಾಲವೂ ಮೊದಲಿನಂತಲ್ಲ. ಒಳಗೆ ಬೆನ್ನುಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ ಕೊಳವೆ ಇರುತ್ತದೆ.

ಎರಡು, “ಹಾಗಾದರೆ ಮನುಷ್ಯನ ಕೈಯೂ ಬೆಳೆಸಬಹುದಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಯಕೃತ್ತು ಮರಳಿ ಬೆಳೆಯುತ್ತದೆ, ಕೈ ಬೆಳೆಯುವುದಿಲ್ಲ ಎಂದು ನೇರವಾಗಿ ಹೇಳಬೇಕು. ಆಕರಕೋಶ ಚಿಕಿತ್ಸೆ ಎಲ್ಲವನ್ನೂ ಗುಣಪಡಿಸುತ್ತದೆ ಎಂಬ ಜಾಹೀರಾತು ಮಕ್ಕಳ ಮನೆಗೂ ತಲುಪುತ್ತದೆ. ಅದನ್ನು ನಂಬಿ ಸಾಲ ಮಾಡುವವರು ಹೆತ್ತವರು. 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳೇ ಮೊದಲಾದ ಕೆಲವಕ್ಕೆ ಅಂಗೀಕೃತವಾದ ಕಸಿಯನ್ನು ಬಿಟ್ಟರೆ ಉಳಿದ ಬಳಕೆ ಕ್ಲಿನಿಕಲ್ ಪ್ರಯೋಗದೊಳಗೆ ಮಾತ್ರ. ಈ ಒಂದು ವಾಕ್ಯ ನಮ್ಮ ಪಾಠ ಯೋಜನೆಯಲ್ಲಿ ಇರಲೇಬೇಕು.

ಮೌಲ್ಯಮಾಪನ

1. ಅಡಿಕೆ ಮರದ ಸುಳಿ ಹೋದರೆ ಮರ ಸಾಯುತ್ತದೆ, ಪ್ಲನೇರಿಯಾದ ತಲೆ ಹೋದರೆ ಹುಳು ಸಾಯುವುದಿಲ್ಲ. ಕಾರಣ ಕೊಡಿ.
2. ಬೀಟಾ ಕೆಟೆನಿನ್ ತಡೆದ ಪ್ಲನೇರಿಯಾದ ನಡುವಿನ ತುಂಡು ಹೇಗೆ ಬೆಳೆಯಬಹುದು? ಚಿತ್ರ ಬರೆಯಿರಿ.
3. ಚೀಟಿಯಲ್ಲಿ ಬೆಂಚಿನ ಸಂಖ್ಯೆ ಇಲ್ಲದಿದ್ದರೆ ಯಾವ ಮಾಹಿತಿ ಕಳೆದುಹೋಗುತ್ತದೆ?