ತರಕಾರಿ ತ್ಯಾಜ್ಯದಿಂದ ಜೈವಿಕ ಅನಿಲ

ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಸುತ್ತ ಬೆಲೆ ಕುಸಿದಾಗ ಟೊಮೇಟೊ ರಸ್ತೆಬದಿಗೆ ಬೀಳುವುದು ವಿದ್ಯಾರ್ಥಿಗಳಿಗೆ ಹೊಸ ದೃಶ್ಯವಲ್ಲ. ಹಸಿ ತ್ಯಾಜ್ಯವು ಕೊಯಮತ್ತೂರಿನ ವೆಳ್ಳಲೂರಿನಂತಹ ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ವಾತಾವರಣವನ್ನು ಸೇರುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಕೊಳೆತರೆ ಅದೇ ಮೀಥೇನ್ ಒಲೆಗೆ ಇಂಧನವಾಗುತ್ತದೆ.

ಆದರೆ ಹಣ್ಣು, ತರಕಾರಿಯನ್ನಷ್ಟೇ ತುಂಬಿದರೆ ಅನಿಲ ಬರುವುದು ಬೇಗನೆ ನಿಲ್ಲಬಹುದು. ಟೊಮೇಟೊದಲ್ಲಿ ಸುಮಾರು ಶೇಕಡಾ 94 ನೀರು. ಉಳಿದುದರಲ್ಲಿನ ಸಕ್ಕರೆ ಶೀಘ್ರವಾಗಿ ಆಮ್ಲವಾಗುತ್ತದೆ. ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳಾದರೋ ನಿಧಾನವಾಗಿ ಬೆಳೆಯುವಂಥವು. ಪಿಎಚ್ ಮೌಲ್ಯ 6.5ಕ್ಕಿಂತ ಕೆಳಗಿಳಿದರೆ ಸೊರಗುತ್ತವೆ. ಸಗಣಿಯು ಆ ಜೀವಿಗಳನ್ನು ಒದಗಿಸುವುದಲ್ಲದೆ ಆಮ್ಲತೆಯನ್ನೂ ತಡೆಯುತ್ತದೆ. ಈ ಎರಡನೆಯ ಕಾರಣವನ್ನು ಪಾಠದಲ್ಲಿ ಬಿಡಬಾರದು. ಟೊಮೇಟೊ ರಸದಲ್ಲಿ ನೀಲಿ ಲಿಟ್ಮಸ್ ಕಾಗದವು ಕೆಂಪಾಗುವುದನ್ನು ತೋರಿಸಿ ವಿವರಣೆಯನ್ನು ಆರಂಭಿಸಬಹುದು.