ಹಂದಿ ಕರುಳಿನ ಬ್ಯಾಕ್ಟೀರಿಯಾನ ಹೇಗೆ ಓದ್ತಾರೆ?

ಇವತ್ತಿನ ಟಾಪಿಕ್ ಕೇಳಿ ಕೆಲವರು ಮೂಗು ಮುಚ್ಕೋಬಹುದು: ಹಂದಿ ಕರುಳಲ್ಲಿರೋ ಬ್ಯಾಕ್ಟೀರಿಯಾ. ಆದರೆ ನಾಳೆ ಡಾಕ್ಟರ್ ಬರೆದುಕೊಡೋ ಆ್ಯಂಟಿಬಯಾಟಿಕ್ ನಮಗೆ ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೂ ಇದಕ್ಕೂ ನಂಟಿದೆ.

ಮೊದಲು ಸ್ಯಾಂಪಲ್. ಸುಲಭವಾಗಿ ಸಿಗೋದು ಮಲ. ಹಂದಿಗೆ ನೋವಿಲ್ಲ, ಅದೇ ಹಂದಿಯಿಂದ ವಾರವಾರ ತಗೋಬಹುದು. ಆದರೆ ಮಲ ಹೇಳೋದು ಹೆಚ್ಚಾಗಿ ದೊಡ್ಡ ಕರುಳಿನ ಕಥೆ. ಸಣ್ಣ ಕರುಳಿನದು ಬೇಕಂದ್ರೆ ಸಾಮಾನ್ಯವಾಗಿ ಹಂದಿ ಕಡಿದ ಮೇಲೇ ತಗೋಬೇಕು.

ಆಮೇಲೆ ಮೂರು ದಾರಿ. ನಾನು ಓದಿದ್ದು ಬಿಕಾಂ, ಹಾಗಾಗಿ ಮಾರ್ಕೆಟ್ ಭಾಷೆಯಲ್ಲೇ ಹೇಳ್ತೀನಿ.

ಒಂದು, 16ಎಸ್ ಸೀಕ್ವೆನ್ಸಿಂಗ್. ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರೋ ಒಂದು ಜೀನ್ ಇದೆ, ಸುಮಾರು 1,500 ಅಕ್ಷರ ಉದ್ದ. ಅದನ್ನ, ಅಥವಾ ಅದರ ಒಂದು ಭಾಗವನ್ನ ಓದೋದು. ಬೀದಿಯಲ್ಲಿ ಅಂಗಡಿ ಬೋರ್ಡ್ ಓದ್ಕೊಂಡು ಹೋದ ಹಾಗೆ. ಖರ್ಚು ಕಡಿಮೆ. ಆದರೆ ಅಂಗಡಿ ಒಳಗೇನಿದೆ ಗೊತ್ತಾಗಲ್ಲ.

ಎರಡು, ಶಾಟ್‌ಗನ್ ಮೆಟಾಜೀನೋಮಿಕ್ಸ್. ಸ್ಯಾಂಪಲ್‌ನಲ್ಲಿರೋ ಅಷ್ಟೂ ಡಿಎನ್‌ಎಯನ್ನ ತುಂಡುತುಂಡಾಗಿ ಓದೋದು. ಚೀನಾ, ಡೆನ್ಮಾರ್ಕ್, ಫ್ರಾನ್ಸ್‌ನ 287 ಹಂದಿಗಳಿಂದ ಹೀಗೆ ಸುಮಾರು 77 ಲಕ್ಷ ಜೀನ್‌ಗಳ ಪಟ್ಟಿ ಮಾಡಿ, 2016ರಲ್ಲಿ ಪ್ರಕಟಿಸಿದ್ರು. ಸ್ಟಾಕ್ ಲಿಸ್ಟ್ ಸಿಕ್ತು. ತೊಂದರೆ ಏನಂದ್ರೆ ಎಲ್ಲ ಅಂಗಡಿಯ ಮಾಲೂ ಒಂದೇ ರಾಶಿ. ಯಾವುದು ಯಾರದ್ದು ಅಂತ ಬಿಡಿಸೋದು ಕಷ್ಟ.

ಮೂರು, ಕಲ್ಚರ್. ಬ್ಯಾಕ್ಟೀರಿಯಾನ ಲ್ಯಾಬ್‌ನಲ್ಲಿ ಜೀವಂತ ಬೆಳೆಸೋದು. ಕರುಳಿನ ಬಹುಪಾಲು ಬ್ಯಾಕ್ಟೀರಿಯಾಗೆ ಆಕ್ಸಿಜನ್ ಆಗಿಬರಲ್ಲ, ಅದಕ್ಕೇ ಆಕ್ಸಿಜನ್ ಇಲ್ಲದ ಪೆಟ್ಟಿಗೆ ಬೇಕು. ಕೆಲಸ ನಿಧಾನ, ಎಲ್ಲವೂ ಬೆಳೆಯೋದೂ ಇಲ್ಲ. ಆದರೆ ಅಂಗಡಿಯಲ್ಲಿ ಕೂತು ವ್ಯಾಪಾರವನ್ನೇ ನೋಡಿದ ಹಾಗೆ.

ಇದು ಯಾಕೆ ಮುಖ್ಯ? ಕೊಲಿಸ್ಟಿನ್ ಅಂತ ಒಂದು ಔಷಧ. ಬೇರೆಲ್ಲ ಸೋತಾಗ ಡಾಕ್ಟರ್‌ಗಳು ಕೊಡೋದು. ಚೀನಾದಲ್ಲಿ ಹಂದಿಯಿಂದ ತೆಗೆದ ಒಂದು ಇ. ಕೊಲೈ ಅದಕ್ಕೆ ಬಗ್ಗಲಿಲ್ಲ. ಬೆಳೆಸಿ ನೋಡಿದ್ರೆ, ಆ ಶಕ್ತಿ ಕೊಡೋ ಎಂಸಿಆರ್-1 ಜೀನ್ ಪಕ್ಕದ ಬ್ಯಾಕ್ಟೀರಿಯಾಗೂ ದಾಟ್ತಿತ್ತು! ಆಸ್ಪತ್ರೆ ರೋಗಿಗಳಲ್ಲೂ ಆ ಜೀನ್ ಸಿಕ್ತು. 2015ರಲ್ಲಿ ಇದು ಪ್ರಕಟವಾಯ್ತು. ಬರೀ ಬೋರ್ಡ್ ಓದಿದ್ರೆ ‘ಇಲ್ಲಿ ಇ. ಕೊಲೈ ಇದೆ’ ಅಂತಷ್ಟೇ ಬರೆದು ಮುಂದೆ ಹೋಗ್ತಿದ್ವಿ. 2017ರಲ್ಲಿ ಚೀನಾ ಮೇವಿಗೆ ಕೊಲಿಸ್ಟಿನ್ ಬೆರೆಸೋದನ್ನ ನಿಲ್ಲಿಸ್ತು. 2019ರಲ್ಲಿ ಭಾರತವೂ ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಅದನ್ನ ನಿಷೇಧಿಸ್ತು.

ಹಾಗಾಗಿ ‘ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಹೊಸ ಸಂಶೋಧನೆ’ ಅನ್ನೋ ಹೆಡ್‌ಲೈನ್ ಕಂಡಾಗ ಒಂದೇ ಪ್ರಶ್ನೆ ಕೇಳಿ: ಇವರು ನೋಡಿದ್ದು ಬೋರ್ಡಾ, ಸ್ಟಾಕಾ, ವ್ಯಾಪಾರಾನಾ?

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.