ಮೆಶ್ ವೈ-ಫೈ: ಪೆಟ್ಟಿಗೆ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆಯೇ?

ಮಹಡಿಯ ಕೊನೆಯ ಕೋಣೆಗೆ ವೈ-ಫೈ ಸಿಗುವುದಿಲ್ಲವೆಂದು ಮೆಶ್ ಸೆಟ್ ತರುತ್ತೇವೆ. ಹಾಲ್‌ನಲ್ಲಿ ರೂಟರ್, ಮೆಟ್ಟಿಲ ಬಳಿ ಒಂದು ಪೆಟ್ಟಿಗೆ, ಕೋಣೆಯಲ್ಲಿ ಇನ್ನೊಂದು. ಮೊಬೈಲ್‌ನಲ್ಲಿ ಸಿಗ್ನಲ್ ಗೆರೆಗಳು ತುಂಬಿಕೊಳ್ಳುತ್ತವೆ. ಆದರೂ ಮೆಟ್ಟಿಲ ಬಳಿ ಕುಳಿತವರು ದೊಡ್ಡ ಫೈಲ್ ಕಳುಹಿಸತೊಡಗಿದರೆ ಕೋಣೆಯಲ್ಲಿ ಮಗುವಿನ ಆನ್‌ಲೈನ್ ತರಗತಿ ತಡವರಿಸುತ್ತದೆ. ಸಿಗ್ನಲ್ ಇದ್ದೂ ಹೀಗೇಕೆ?

ಒಂದೇ ಚಾನೆಲ್‌ನಲ್ಲಿ ಹತ್ತಿರದ ಎರಡು ಸಾಧನಗಳು ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡಬಹುದು. ಆದ್ದರಿಂದ ವೈ-ಫೈಯಲ್ಲಿ ಒಂದು ನಿಯಮವಿದೆ. ಮೊದಲು ಕಿವಿಗೊಡಬೇಕು. ಚಾನೆಲ್ ಖಾಲಿಯಿದ್ದರೆ, ಸಾಮಾನ್ಯವಾಗಿ 0ಯಿಂದ 15ರೊಳಗೆ ಮನಬಂದ ಒಂದು ಸಂಖ್ಯೆ ಆರಿಸಿ ಅಷ್ಟು ಎಣಿಸಿ ಕಾಯಬೇಕು. ಒಂದೊಂದು ಎಣಿಕೆ ಸೆಕೆಂಡಿನ 10 ಲಕ್ಷದಲ್ಲಿ 9 ಭಾಗ. ಕಳುಹಿಸಿದ್ದು ತಲುಪದಿದ್ದರೆ ಮುಂದಿನ ಸಲ 31ರವರೆಗೆ, ಆಮೇಲೆ 63ರವರೆಗೆ, ಹೀಗೆ ಹೆಚ್ಚೆಂದರೆ 1023ರವರೆಗೆ.

ಎಲ್ಲರಿಗೂ ಒಂದೇ ನಿಯಮ, ಹಾಗಾಗಿ ನ್ಯಾಯವೇ ಅನ್ನಿಸುತ್ತದೆ. ಆದರೆ ಮೆಶ್‌ನಲ್ಲಿ ದೂರದವರು ಮೂರು ಕಡೆ ಸೋಲುತ್ತಾರೆ.

ಮೊದಲನೆಯದು ಜಿಗಿತ. ಹಾಲ್‌ನ ಮೊಬೈಲ್ ಒಂದೇ ಜಿಗಿತಕ್ಕೆ ರೂಟರ್ ಮುಟ್ಟುತ್ತದೆ. ಕೋಣೆಯ ಮೊಬೈಲ್‌ನ ಅದೇ ಮಾಹಿತಿ ಮೂರು ಸಲ ಗಾಳಿಯಲ್ಲಿ ಸಾಗಬೇಕು. ಎಲ್ಲವೂ ಒಂದೇ ಚಾನೆಲ್‌ನಲ್ಲಿದ್ದರೆ 100 ಎಂಬಿಪಿಎಸ್ ವೇಗ ಸುಮಾರು 33ಕ್ಕೆ ಇಳಿಯುತ್ತದೆ.

ಎರಡನೆಯದು ಸಾಲು. ನಡುವಿನ ಪೆಟ್ಟಿಗೆ ತನ್ನ ಬಳಿಯವರ ಮಾಹಿತಿಯನ್ನೂ ಕೋಣೆಯಿಂದ ಬಂದದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ದೊಡ್ಡ ಫೈಲ್ ಸಾಲನ್ನು ತುಂಬಿಬಿಡುತ್ತದೆ. ಎರಡು ಜಿಗಿತ ದಾಟಿ ಬಂದ ತರಗತಿಯ ಮಾಹಿತಿ ಜಾಗವಿಲ್ಲದೆ ಅಲ್ಲೇ ಬಿದ್ದುಹೋಗುತ್ತದೆ. ಅದಕ್ಕೆ ಬಳಸಿದ ಸಮಯವೂ ವ್ಯರ್ಥ.

ಮೂರನೆಯದು ಕಿವಿಗೆ ಬೀಳದ ನೆರೆ. ಕೋಣೆಯ ಪೆಟ್ಟಿಗೆಗೆ ರೂಟರ್‌ನ ಸಿಗ್ನಲ್ ಕೇಳಿಸುವುದಿಲ್ಲ. ಚಾನೆಲ್ ಖಾಲಿಯಿದೆ ಎಂದುಕೊಂಡು ಅದು ಮಾತಾಡುತ್ತದೆ, ಅದೇ ಹೊತ್ತಿಗೆ ರೂಟರ್ ಕೂಡ. ನಡುವಿನ ಪೆಟ್ಟಿಗೆಗೆ ಎರಡೂ ಕಲಸಿಹೋಗುತ್ತವೆ. ಮತ್ತೆ ಮತ್ತೆ ಸೋತವರು ಇನ್ನಷ್ಟು ಕಾಯಬೇಕು, ಗೆದ್ದವರ ಎಣಿಕೆ ಮತ್ತೆ ಚಿಕ್ಕದರಿಂದಲೇ ಶುರು. 'ಕಳುಹಿಸಲೇ?', 'ಕಳುಹಿಸು' ಎಂಬ ಪುಟ್ಟ ಸಂದೇಶಗಳಿಂದ ಈ ಡಿಕ್ಕಿ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಪರಿಹಾರವೂ ಇದೆ. 2011ರ 802.11ಎಸ್ ಎಂಬ ಮೆಶ್ ಮಾನದಂಡದಲ್ಲಿ ಸಮಯವನ್ನು ಮುಂಗಡವಾಗಿ ಕಾಯ್ದಿರಿಸುವ ವಿಧಾನವಿದೆ, ಆದರೆ ಅದು ಕಡ್ಡಾಯವಲ್ಲ. ಪ್ರತಿ ಬಳಕೆದಾರರಿಗೂ ಬೇರೆ ಸಾಲು ಮಾಡಿ ಸಮಯ ಹಂಚುವ ರೂಟರ್‌ಗಳೂ ಇವೆ.

ಮನೆಯಲ್ಲಿ ನಾವು ಮಾಡಬಹುದಾದ ಸುಲಭದ ಕೆಲಸವೆಂದರೆ ಪೆಟ್ಟಿಗೆಗಳ ನಡುವೆ ಕೇಬಲ್ ಎಳೆಯುವುದು. ಆಗದಿದ್ದರೆ, ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಲು ಪ್ರತ್ಯೇಕ ಚಾನೆಲ್ ಇರುವ ಸೆಟ್ ಕೊಳ್ಳುವುದು. ಪೆಟ್ಟಿಗೆ ಹೆಚ್ಚಿದರೆ ಸಿಗ್ನಲ್ ದೂರ ಹೋಗುತ್ತದೆ, ನಿಜ. ಆದರೆ ಹಂಚಿಕೊಳ್ಳುವ ಚಾನೆಲ್ ಒಂದೇ ಆದಾಗ ಪ್ರತಿ ಹೊಸ ಜಿಗಿತದ ಬೆಲೆ ತೆರುವವರು ಕೊನೆಯ ಕೋಣೆಯವರೇ.